ಹೆಸರು ಒಂದೇ, ಮನುಷ್ಯ ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಡಿಕೇರಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ನಾನು 11 ವರ್ಷ ನೌಕರರನ್ನು ಆರಿಸುವ ಕೆಲಸ ಮಾಡಿದ್ದೇನೆ. ಕೆಲಸ ಕೇಳಿ ಬಂದವರ ಫೇಸ್‌ಬುಕ್ ಪುಟವನ್ನು ಹುಡುಕಿ ನೋಡಿ ಅವರನ್ನು ಅಳೆಯುವುದು ಸರಿಯೇ ಎಂಬುದು ಇವತ್ತಿನ ನನ್ನ ಮಾತು. ಆಗ ನನ್ನಿಂದಾದ ಒಂದು ತಪ್ಪನ್ನು ಮೊದಲು ಹೇಳಬೇಕು.

ಸ್ವಾಗತ ಕೌಂಟರಿಗೆ ಒಬ್ಬರು ಬೇಕಾಗಿದ್ದರು. ವಿರಾಜಪೇಟೆ ಕಡೆಯ ಒಬ್ಬ ಯುವಕ ಬಂದ. ಜುಲೈ ತಿಂಗಳ ಮಳೆ. ಅಂಕಪಟ್ಟಿಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಅಂಗಿ ತೊಯ್ದಿತ್ತು, ಕಾಗದ ಒಣಗಿತ್ತು. ಕನ್ನಡ, ಇಂಗ್ಲಿಷ್, ಕೊಡವ ತಕ್ಕ್, ಮಲಯಾಳ, ನಾಲ್ಕನ್ನೂ ತಡವರಿಸದೆ ಮಾತನಾಡಿದ. ಅವನು ಹೊರಟ ಮೇಲೆ ಫೇಸ್‌ಬುಕ್ಕಿನಲ್ಲಿ ಅವನ ಹೆಸರು ಹುಡುಕಿದೆ. ಅದೇ ಹೆಸರು, ಅದೇ ಇನಿಷಿಯಲ್, ಅದೇ ಊರು ಸಿಕ್ಕಿತು. ಮುಖದ ಜಾಗದಲ್ಲಿ ಒಂದು ಜೀಪಿನ ಚಿತ್ರವಿತ್ತು. ಕೆಳಗೆ ಪ್ರವಾಸಿಗರನ್ನು ಬಾಯಿಗೆ ಬಂದಂತೆ ಬೈದ ಬರಹಗಳು. ಅರ್ಜಿಯನ್ನು ಪಕ್ಕಕ್ಕೆ ಸರಿಸಿದೆ. ಕಾರಣ ತಿಳಿಸಲಿಲ್ಲ.

ಡಿಸೆಂಬರ್ ರಜೆಗೆ ಜನ ಸಾಲದೆ ಹಳೆಯ ಅರ್ಜಿಗಳನ್ನು ತೆಗೆದಾಗ ಅವನಿಗೂ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಅವನು ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಮಾತಿನ ನಡುವೆ ಆ ಪುಟದ ವಿಷಯ ನನ್ನ ಬಾಯಿಂದ ಬಂತು. "ಮೇಡಂ, ನಾನು ಫೇಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ" ಎಂದ. ಸ್ವಲ್ಪ ತಡೆದು, "ಅದಕ್ಕೇ ಅವತ್ತು ಕರೆಯಲಿಲ್ಲವೇ?" ಎಂದು ಕೇಳಿದ.

ಕೊಡಗಿನವಳಾಗಿ ನನಗೆ ಇದು ಹೊಳೆಯಬೇಕಿತ್ತು. ಪೊನ್ನಪ್ಪ, ಕಾರ್ಯಪ್ಪ, ಮುತ್ತಪ್ಪ, ಬೋಪಣ್ಣ ಎಂಬ ಹೆಸರಿನವರು ಒಂದೊಂದು ಊರಿನಲ್ಲೂ ಎಷ್ಟು ಜನರಿಲ್ಲ! ಮನೆತನದ ಹೆಸರು ಕೇಳದೆ ಯಾವ ಪೊನ್ನಪ್ಪ ಎಂದು ಇಲ್ಲಿ ಯಾರೂ ಹೇಳಲಾರರು. ಆ ಮನೆತನವೇ ಇನಿಷಿಯಲ್ಲಿನ ಒಂದಕ್ಷರದೊಳಗೆ ಅಡಗಿ ಕುಳಿತರೆ ದೂರದ ಕಂಪನಿಯವರಿಗೆ ಗುರುತು ಹತ್ತುವುದಾದರೂ ಹೇಗೆ?

ಗುರುತು ಸರಿಯಾಗಿದ್ದರೂ ಕಂಡದ್ದು ಅರ್ಥವಾಗಬೇಕಲ್ಲ. ಸೆಪ್ಟೆಂಬರ್ 3ರ ಸುಮಾರಿಗೆ ನಮ್ಮಲ್ಲಿ ಕೈಲ್‌ಪೊಳ್ದ್, ಅಂದರೆ ಆಯುಧಗಳನ್ನು ಪೂಜಿಸುವ ಹಬ್ಬ. ನಾಟಿ ಮುಗಿದಿರುತ್ತದೆ. ಕೋವಿ, ಒಡಿಕತ್ತಿಗಳನ್ನು ಒರೆಸಿ, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ 10 ವರ್ಷ ಮುಂದುವರಿಸಿತು. ಇದೊಂದೂ ತಿಳಿಯದವರ ಮೊಬೈಲಿನಲ್ಲಿ ಆ ಹಬ್ಬದ ಚಿತ್ರ ತೆರೆದುಕೊಂಡರೆ ಅವರಿಗೆ ಕಾಣುವುದು ಬಂದೂಕು ಹಿಡಿದ ಒಬ್ಬ ಹುಡುಗ. ಗೋಣಿಕೊಪ್ಪದ ಕಡೆಯ ಪದವೀಧರೆಯೊಬ್ಬಳು ಇದೇ ಭಯಕ್ಕೆ, ಅರ್ಜಿ ಹಾಕುವ ಮೊದಲು ತನ್ನ ಪುಟವನ್ನೆಲ್ಲ ಅಳಿಸಿದ್ದಳು. ಅದರಲ್ಲಿ ಕೋವಿ ಹೆಗಲಿಗೇರಿಸಿ ನಗುತ್ತ ನಿಂತ ಅವಳ ಅಜ್ಜನ ಚಿತ್ರವಿತ್ತು. ಅಜ್ಜ ಈಗಿಲ್ಲ. ಆ ಚಿತ್ರದ ಇನ್ನೊಂದು ಪ್ರತಿಯೂ ಇಲ್ಲ. ಒಂದು ನೌಕರಿಯ ಆಸೆಗೆ ಮಕ್ಕಳು ತಮ್ಮ ಮನೆಯನ್ನೇ ಬಚ್ಚಿಡಬೇಕೇ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ಸಂದರ್ಶನದಲ್ಲಿ ಎದುರಿಗೆ ಕೂರಿಸಿಕೊಂಡು "ನಿಮ್ಮ ಜಾತಿ ಯಾವುದು, ನೀವು ಬಸುರಿಯೇ, ಯಾವ ಪಕ್ಷಕ್ಕೆ ಮತ ಹಾಕುತ್ತೀರಿ" ಎಂದು ಕೇಳಲು ಯಾವ ಮರ್ಯಾದಸ್ಥನಿಗೂ ನಾಲಿಗೆ ಏಳುವುದಿಲ್ಲ. ಪುಟ ತೆರೆದರೆ ಕೇಳದೆಯೇ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಕಂಡ ಮೇಲೆ ಕಂಡಿಲ್ಲವೆಂದು ಮನಸ್ಸಿಗೆ ಹೇಳಿ ನಂಬಿಸುವುದು ಯಾರಿಂದಲೂ ಆಗದು. "ಸೂಕ್ತವೆನಿಸಲಿಲ್ಲ" ಎಂಬ ಒಂದು ಸಾಲು ಬರೆದರೆ ಮುಗಿಯಿತು. ಅದರ ಹಿಂದೆ ಏನಿತ್ತೆಂದು ಅರ್ಜಿದಾರನಿಗೆ ತಿಳಿಯುವ ದಾರಿಯೇ ಇಲ್ಲ.

ಜಗಲಿಯಲ್ಲಿ ಕುಳಿತು ಆಡಿದ ಮಾತನ್ನು ದಾರಿಹೋಕ ಕೇಳಿದರೆ ತಪ್ಪೇನು ಎಂದು ನನ್ನ ಹಳೆಯ ಸಹೋದ್ಯೋಗಿಗಳು ವಾದಿಸುತ್ತಾರೆ. ಕಾನೂನು ಒಂದು ಮಟ್ಟಿಗೆ ಅವರ ಪರವಾಗಿಯೇ ಇದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಮೂಲಭೂತ ಹಕ್ಕುಗಳನ್ನು ನಾವು ಮುಖ್ಯವಾಗಿ ಸರ್ಕಾರದ ಎದುರು ಕೇಳಬಲ್ಲೆವು, ಖಾಸಗಿ ಮಾಲೀಕನ ಎದುರು ಅಷ್ಟು ಸುಲಭವಾಗಿ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ವ್ಯಕ್ತಿ ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಹೊರಗಿನ ಕೆಲವರು ಇನ್ನಷ್ಟು ಯೋಚಿಸಿದ್ದಾರೆ. ಅರ್ಜಿದಾರರ ಪಾಸ್‌ವರ್ಡನ್ನು ಮಾಲೀಕರು ಕೇಳಬಾರದೆಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ಕಾನೂನು ಮಾಡಿತು. ಪುಟ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಮಾಲೀಕ ಅದನ್ನು ಬಳಸಬಹುದೆಂದು ಭಾವಿಸಬಾರದು, ಕೆಲಸಕ್ಕೆ ಸಂಬಂಧಪಟ್ಟಷ್ಟನ್ನೇ ನೋಡಬೇಕು, ನೋಡುವುದನ್ನು ಅರ್ಜಿದಾರನಿಗೆ ಮೊದಲೇ ತಿಳಿಸಬೇಕು ಎಂದು ಯುರೋಪಿನ ದತ್ತಾಂಶ ರಕ್ಷಣಾ ಅಧಿಕಾರಿಗಳ ಮಂಡಳಿ 2017ರಲ್ಲಿ ಅಭಿಪ್ರಾಯ ಕೊಟ್ಟಿತು. ಈ ಕೊನೆಯ ಮಾತನ್ನು ನಮ್ಮ ಮಾಲೀಕರು ಕಾನೂನಿಗೆ ಕಾಯದೆ ಇವತ್ತೇ ಪಾಲಿಸಬಹುದು.

ಯಾವ ಕೆಲಸಕ್ಕೂ ನೋಡಲೇಬಾರದು ಎನ್ನುವ ಹಟ ನನಗಿಲ್ಲ. ಹಾಸ್ಟೆಲಿನ ವಾರ್ಡನ್, ಶಾಲಾ ವಾಹನದ ಚಾಲಕ ಮುಂತಾದವರು ಮಕ್ಕಳ ಜೊತೆಗಿರುವವರು. ಬೆದರಿಕೆಯನ್ನೋ ದ್ವೇಷವನ್ನೋ ಅವರು ಬಹಿರಂಗವಾಗಿ ಬರೆದಿದ್ದರೆ ಅದು ತಿಳಿಯಬೇಕು. ಹಾಗಿದ್ದರೂ ಆರಿಸುವವರು ನೋಡದಿರಲಿ. ಬೇರೊಬ್ಬರು, ಸಂದರ್ಶನವೆಲ್ಲ ಮುಗಿದ ಮೇಲೆ ನೋಡಲಿ. ಏನಾದರೂ ಕಂಡರೆ ಅರ್ಜಿದಾರನನ್ನು ಕರೆದು, ಅದನ್ನೇ ಮುಂದಿಟ್ಟು, "ಇದು ನಿಮ್ಮದೇ?" ಎಂದು ಕೇಳಲಿ. ನಾನು ಅಂದು ಇಷ್ಟು ಕೇಳಿದ್ದರೆ ಸಾಕಾಗಿತ್ತು.

ಹಿಂದೆ ತೋಟಕ್ಕೆ ಲೆಕ್ಕ ಬರೆಯುವ ರೈಟರನ್ನು ತೆಗೆದುಕೊಳ್ಳುವಾಗಲೂ ಹಿರಿಯರು ವಿಚಾರಿಸುತ್ತಿದ್ದರು. ಮೊದಲು ಕೆಲಸ ಮಾಡಿದ ತೋಟದವರನ್ನು ಸಂತೆಯಲ್ಲೋ ಮದುವೆಮನೆಯಲ್ಲೋ ಹಿಡಿದು, ಲೆಕ್ಕ ಸರಿಯಾಗಿ ಇಡುತ್ತಿದ್ದನೇ ಎಂದು ಕೇಳುತ್ತಿದ್ದರು. ಅದರಲ್ಲೂ ಚಾಡಿಮಾತಿಗೆ ಕೆಲಸ ಕಳೆದುಕೊಂಡವರಿದ್ದರು. ಆದರೂ ಹೇಳಿದವರು ಯಾರೆಂದು ಗೊತ್ತಿರುತ್ತಿತ್ತು, ಕೇಳಿದ್ದು ಕೆಲಸದ ಬಗ್ಗೆಯೇ ಆಗಿರುತ್ತಿತ್ತು.

ಆ ಫೋನ್ ಕರೆಯ ನಂತರ ನಾನು ಪುಟ ಹುಡುಕುವುದನ್ನು ಬಿಟ್ಟೆ. ಬಂದವರಿಗೆ ಅರ್ಧ ದಿನದ ಸಂಬಳ ಕೊಟ್ಟು ಕೌಂಟರಿನಲ್ಲಿ ನಿಲ್ಲಿಸುತ್ತಿದ್ದೆ. ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಗಿ ಜನರೇಟರೂ ಕೈಕೊಟ್ಟಿತು. ಆಗಷ್ಟೇ ಬಂದಿಳಿದ ಕುಟುಂಬವೊಂದು ಕತ್ತಲಲ್ಲಿ ನಿಂತು ಗೊಣಗುತ್ತಿತ್ತು. ಪರೀಕ್ಷೆಗೆ ನಿಂತಿದ್ದ ಹುಡುಗಿ ಮೊಬೈಲ್ ಬೆಳಕಿನಲ್ಲೇ ನಡೆದುಹೋಗಿ ಅಡುಗೆಮನೆಯಿಂದ ಬಿಸಿ ಕಾಫಿ ತಂದಳು. ಅವರ ಮಗುವಿನ ಒದ್ದೆ ಕಾಲುಚೀಲ ಬಿಚ್ಚಿಸಿ, ಒಣ ಟವಲಿನಿಂದ ಪಾದ ಒರೆಸಿದಳು. ಮರುದಿನ ಬೆಳಿಗ್ಗೆಯೇ ಅವಳನ್ನು ಕೆಲಸಕ್ಕೆ ಸೇರಿಸಿಕೊಂಡೆ. ಅವಳ ಪುಟದಲ್ಲಿ ಏನಿತ್ತೋ ನನಗೆ ಇಂದಿಗೂ ತಿಳಿಯದು.

ನಮಸ್ಕಾರ.