ಮತ್ತಿಯೋ, ಅದರ ನೆಂಟನೋ? ಹೊಟ್ಟೆ ಮುಟ್ಟಿ ನೋಡಿ

ಎಲ್ಲರಿಗೂ ನಮಸ್ಕಾರ.

ಕೊಡಗಿಗೆ ಸಮುದ್ರವಿಲ್ಲ. ಆದರೆ ಸಮುದ್ರದ ಮೀನಿಲ್ಲದೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ವಾರ ಕಳೆಯುವುದಿಲ್ಲ. ಸಂಪಾಜೆ ಘಾಟಿ ಹತ್ತಿ ಮಂಗಳೂರಿನ ಮೀನು ಮಡಿಕೇರಿಗೆ ಬರುತ್ತದೆ. ಮಾಕುಟ್ಟ ದಾಟಿ ಕಣ್ಣೂರಿನದು ನಮ್ಮ ವಿರಾಜಪೇಟೆಗೆ ಬರುತ್ತದೆ. ಮಂಗಳೂರಿನವರ ಬೂತಾಯಿ, ನಮ್ಮ ಮತ್ತಿ, ಎರಡೂ ಒಂದೇ ಮೀನು, ಇಂಗ್ಲಿಷಿನಲ್ಲಿ ಸಾರ್ಡೀನ್.

ಗುಂಪು ಕಟ್ಟಿ ಓಡಾಡುವ ಇಂಥ ಸಣ್ಣ ಮೀನುಗಳನ್ನು ದಯವಿಟ್ಟು ಬಣ್ಣ ನೋಡಿ ಗುರುತಿಸಬೇಡಿ. ಆಗಷ್ಟೇ ಬಲೆಯಿಂದ ತೆಗೆದ ಮತ್ತಿಗೆ ಕಿವಿರಿನ ಹಿಂದೆ ಹೊನ್ನಿನ ಬಣ್ಣದ ಚುಕ್ಕೆ ಇರುತ್ತದೆ. ಐಸ್‌ನಲ್ಲಿ ಕೂತು ಘಾಟಿ ಹತ್ತುವಷ್ಟರಲ್ಲಿ ಅದು ಮಾಸಿ ಹೋಗಿರುತ್ತದೆ. ಮೈಕಟ್ಟು ಮಾತ್ರ ಹಾಗೇ ಉಳಿಯುತ್ತದೆ.

ಮೊದಲು ಹೊಟ್ಟೆ. ಮೀನನ್ನು ಅಂಗೈ ಮೇಲೆ ಮಲಗಿಸಿ, ಹೊಟ್ಟೆಯ ಅಂಚಿನ ಮೇಲೆ ಬಾಲದ ಕಡೆಯಿಂದ ತಲೆಯ ಕಡೆಗೆ ಬೆರಳು ಎಳೆಯಿರಿ. ಉದ್ದಕ್ಕೂ ಗರಗಸದ ಹಾಗೆ ತಡೆದರೆ ಅದು ಮತ್ತಿಯ ಕುಲದ್ದು. ಬಂಗುಡೆಯ ಹೊಟ್ಟೆ ನುಣುಪು. ನತ್ತೋಲಿಗೆ, ಅಂದರೆ ಆಂಕೊವಿಗೆ, ಮುಂದಿನ ಅರ್ಧದಲ್ಲಿ ಮಾತ್ರ ಸೂಜಿಮೊನೆಯಂಥ ಕೆಲವೇ ಮುಳ್ಳುಗಳು. ನತ್ತೋಲಿಯನ್ನು ಬಾಯಿಂದಲೂ ಹಿಡಿಯಬಹುದು. ಮೂತಿ ಮುಂದಕ್ಕೆ ಚಾಚಿರುತ್ತದೆ, ಬಾಯಿ ಕೆಳಗಡೆ ಇರುತ್ತದೆ, ಸೀಳು ಕಣ್ಣಿನ ಹಿಂದಿನವರೆಗೂ ಹೋಗುತ್ತದೆ.

ಬಂಗುಡೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅದರ ಜೊತೆ ಅದೇ ಗಾತ್ರದ, ಅದೇ ದುಂಡುಮೈಯ ಇನ್ನೊಂದು ಮೀನು ಬರುತ್ತದೆ, ಸ್ಕ್ಯಾಡ್. ಬಾಲದ ಹತ್ತಿರ ನೋಡಿ. ಬಂಗುಡೆಗೆ ಮೇಲೆ ಐದು, ಕೆಳಗೆ ಐದು ಪುಟ್ಟ ಬಿಡಿ ರೆಕ್ಕೆಗಳಿವೆ. ಸ್ಕ್ಯಾಡ್‌ಗೆ ಮೇಲೊಂದು, ಕೆಳಗೊಂದು, ಅಷ್ಟೇ.

ಇನ್ನು ಕಷ್ಟದ ಭಾಗ: ಮತ್ತಿ ಮತ್ತು ಅದರ ನೆಂಟರು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮತ್ತಿಯ ಕುಲದವು ಹಲವು ಜಾತಿಗಳಿವೆ. ನಾವು ಹುಡುಕುವ ಎಣ್ಣೆ ಮತ್ತಿಯ ವೈಜ್ಞಾನಿಕ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಬಾಲದ ರೆಕ್ಕೆ ಬಿಟ್ಟು ಅಳೆದರೆ ಮೈಯ ಕಾಲು ಭಾಗಕ್ಕಿಂತ ಜಾಸ್ತಿ ಅದರ ತಲೆಯೇ ಇರುತ್ತದೆ. ನೆಂಟರಲ್ಲಿ ಹಲವಕ್ಕೆ ಬೆನ್ನಿನ ರೆಕ್ಕೆ ಶುರುವಾಗುವ ಜಾಗದಲ್ಲಿ ಕಪ್ಪು ಚುಕ್ಕೆ ಇರುತ್ತದೆ, ಮೈ ಚಪ್ಪಟೆ, ಹೊಟ್ಟೆ ಅಗಲ. ಆಮೇಲೂ ಅನುಮಾನ ಉಳಿದರೆ ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಯಲ್ಲಿ ಒಂದನ್ನು ಉಗುರಿನಿಂದ ಬಿಡಿಸಿ, ಕಡ್ಡಿ ಎಣಿಸಿ. ಎಣ್ಣೆ ಮತ್ತಿಗೆ 9. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಉಳಿದವಕ್ಕೆ 8. ಒಂದು ಲೆನ್ಸ್ ಇದ್ದರೆ ಶಾಲೆ ಮಕ್ಕಳೂ ಎಣಿಸುತ್ತಾರೆ. ನನಗೆ ಬಹಳ ಇಷ್ಟವಾದ ಗುರುತು ಇದು, ಯಾಕೆಂದರೆ ಐಸ್ ಇದನ್ನು ಅಳಿಸಲಾರದು.

ಇಷ್ಟೆಲ್ಲಾ ಯಾಕೆ ಬೇಕು, ಸಾರಿಗೆ ಯಾವುದಾದರೇನು ಅಂತ ಕೇಳಬಹುದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಎಣ್ಣೆ ಮತ್ತಿ ಸಿಕ್ಕಿತ್ತು. ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಸಿಕ್ಕಿದ್ದು 3,297 ಟನ್. ಒಂದು ಮೀನು ಹೀಗೆ ಏರಿ ಇಳಿಯುವಾಗ ಎಲ್ಲವನ್ನೂ ಮತ್ತಿ ಅಂತ ಕರೆದು ಒಂದೇ ಬುಟ್ಟಿಗೆ ಹಾಕಿದರೆ, ಯಾವುದು ಕಮ್ಮಿಯಾಯಿತು ಅಂತ ಯಾರಿಗೆ ಗೊತ್ತಾಗುತ್ತದೆ? ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಾಕಿದ ಸಾರಿನ ಮೇಲೆ ತೇಲುವ ಎಣ್ಣೆಯೂ ಎಲ್ಲಾ ಜಾತಿಯಲ್ಲಿ ಒಂದೇ ಥರ ಬರುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ, ಗಾತ್ರ. ಎಣ್ಣೆ ಮತ್ತಿ ಮೊಟ್ಟೆ ಇಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಮೇಲೆ ಮರಿಗಳ ಹಿಂಡು ದಡದ ಹತ್ತಿರ ಬರುತ್ತದೆ, ಸುಲಭವಾಗಿ ಬಲೆಗೆ ಬೀಳುತ್ತದೆ. ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಸಣ್ಣ ಎಣ್ಣೆ ಮತ್ತಿ ಹಿಡಿಯುವಂತಿಲ್ಲ, ಬಂಗುಡೆಗೆ ಆ ಮಿತಿ 14. ಮಾಕುಟ್ಟ ದಾಟಿ ಬರುವ ಮೀನಿಗೂ ಇದೇ ನಿಯಮ. ಬೆರಳುದ್ದದ ಬಂಗುಡೆ ಕಂಡರೆ ಅಂಗಡಿಯವರನ್ನು ಕೇಳಿ: ಅಣ್ಣಾ, ಇಷ್ಟು ಸಣ್ಣದು ಯಾಕೆ ತಂದಿರಿ? ಜಗಳ ಬೇಡ, ಕೇಳಿದರೆ ಸಾಕು. ಕೊಳ್ಳುವವರು ಕೇಳುತ್ತಾರೆ ಅಂತ ಗೊತ್ತಾದರೆ ಅವರೂ ಮೀನು ಎತ್ತುವ ಕಡೆ ಕೇಳುತ್ತಾರೆ.

ಈಗ ಮೇಜಿನ ಹತ್ತಿರ ಬನ್ನಿ. ತಟ್ಟೆಯಲ್ಲಿ ಎಲ್ಲಾ ಜಾತಿ ಬೆರೆಸಿಟ್ಟಿದ್ದೇನೆ, ಪಕ್ಕದಲ್ಲಿ ಲೆನ್ಸ್, ಸ್ಕೇಲ್ ಇವೆ. ಮಕ್ಕಳು ಮೊದಲು.