ಹಿಮದ ದಾರಿಯಲ್ಲಿ ಯಾವ ಕಾರು ಹೇಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಿಮ ಬೀಳುವ ಬೆಟ್ಟದ ಊರುಗಳಲ್ಲಿ ಚಳಿಗಾಲದ ಬೆಳಗ್ಗೆ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಏರಿನಲ್ಲಿ ಸಣ್ಣ ಕಾರುಗಳು ಚಕ್ರ ಗಿರ್ರನೆ ತಿರುಗಿಸುತ್ತಾ ನಿಂತಲ್ಲೇ ನಿಂತಿರುತ್ತವೆ. ಅವನ್ನೆಲ್ಲ ದಾಟಿ ದೊಡ್ಡದೊಂದು ಫೋರ್ ವೀಲ್ ಡ್ರೈವ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವಂಥದ್ದು, ಸಲೀಸಾಗಿ ಹತ್ತಿಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಆಚೆ ಬದಿಯ ಇಳಿಜಾರಿಗೆ ಹೋಗಿ ನೋಡಿ. ತಿರುವಿನ ಪಕ್ಕದ ಚರಂಡಿಯಲ್ಲಿ ಅದೇ ಗಾಡಿ ಮೂಗು ತೂರಿಸಿಕೊಂಡು ಕೂತಿರುತ್ತದೆ. ಸಲೀಸಾಗಿ ಹತ್ತಿದ್ದೇ ಅದು ಬಿದ್ದಿದ್ದಕ್ಕೂ ಕಾರಣ. ಅದು ಹೇಗೆ ಅನ್ನುವುದೇ ಇವತ್ತಿನ ಮಾತು.

ರಸ್ತೆಗೂ ಕಾರಿಗೂ ಇರುವ ಸಂಬಂಧ ಅಂದರೆ ನಾಲ್ಕು ಟೈರು, ಒಂದೊಂದು ಟೈರಿನಡಿ ಅಂಗೈಯಷ್ಟು ಜಾಗ. ಅಷ್ಟೇ. ಆ ಜಾಗದ ಹಿಡಿತದಲ್ಲೇ ಕಾರು ಹೊರಡಬೇಕು, ತಿರುಗಬೇಕು, ನಿಲ್ಲಬೇಕು. ಒಣಗಿದ ಡಾಂಬರು ರಸ್ತೆಯ ಹಿಡಿತವನ್ನು 8 ಅಂತ ಇಟ್ಟುಕೊಂಡರೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಅದು ಎರಡು, ಎರಡೂವರೆ. ಮಂಜುಗಡ್ಡೆಯ ಮೇಲೆ ಬರೀ ಒಂದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಕಾರು ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿ ಹಿಮದಲ್ಲಿ ಅದಕ್ಕೆ 40ರಿಂದ 50 ಮೀಟರ್ ಬೇಕು. ಮಂಜುಗಡ್ಡೆಯಲ್ಲಿ ಹತ್ತಿರ ಹತ್ತಿರ 100 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡಿದ ದೂರವನ್ನು ನಾನಿಲ್ಲಿ ಸೇರಿಸಿಲ್ಲ.

ಯಾವ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುತ್ತದೆ ಅನ್ನುವುದು ಹೊರಡುವಾಗ ತುಂಬ ಮುಖ್ಯ. ತಿರುಗುವಾಗ ಸ್ವಲ್ಪ ಮುಖ್ಯ. ನಿಲ್ಲುವಾಗ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಕಾರು ಕೊಳ್ಳುವವರು ಕೇಳುವುದೆಲ್ಲ ಮೊದಲನೆಯದನ್ನೇ, ಅಲ್ವಾ?

ಇವತ್ತಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳೇ ಎಳೆಯುತ್ತವೆ. ಇಂಜಿನ್ ಕೂಡ ಅವುಗಳ ಮೇಲೇ ಕೂತಿರುತ್ತದೆ. ಕಾರಿನ ತೂಕದಲ್ಲಿ ನೂರಕ್ಕೆ 60ರಷ್ಟು ಮುಂದೆಯೇ ಇರುವುದರಿಂದ ಎಳೆಯುವ ಟೈರು ಹಿಮಕ್ಕೆ ಚೆನ್ನಾಗಿ ಒತ್ತಿಕೊಳ್ಳುತ್ತದೆ. ಇದರ ತಾಕತ್ತನ್ನು ಜಗತ್ತಿಗೆ ತೋರಿಸಿದ್ದು ಮಾಂಟೆ ಕಾರ್ಲೊ ರ‍್ಯಾಲಿ. ಜನವರಿ ಚಳಿಯಲ್ಲಿ ಆಲ್ಪ್ಸ್ ಬೆಟ್ಟದ ದಾರಿಗಳಲ್ಲಿ ನಡೆಯುವ ಸ್ಪರ್ಧೆ ಅದು. 1962 ಮತ್ತು 1963ರಲ್ಲಿ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ ಪುಟ್ಟ ಸಾಬ್ ಕಾರಿನಲ್ಲಿ ಗೆದ್ದರು. 1964ರಲ್ಲಿ ಪ್ಯಾಡಿ ಹಾಪ್ಕರ್ಕ್ ಇನ್ನೂ ಪುಟ್ಟದಾದ ಮಿನಿ ಕೂಪರ್‌ನಲ್ಲಿ ಗೆದ್ದರು. ದೊಡ್ಡ ಇಂಜಿನ್ನಿನ ಕಾರುಗಳು ಹಿಂದೆ ಉಳಿದವು.

ಆದರೆ ಕಡಿದಾದ ಏರಿನಲ್ಲಿ ತೂಕ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರ ಹಗುರಾಗಿ ಸುಮ್ನೆ ತಿರುಗತೊಡಗುತ್ತದೆ. ಆಗ ಹಳಬರು ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಏರು ಹತ್ತಿಸುತ್ತಿದ್ದರು. ನೋಡಲು ತಮಾಷೆ, ಕೆಲಸ ಮಾತ್ರ ಆಗುತ್ತದೆ. ಇನ್ನು ತಿರುವಿನಲ್ಲಿ ವೇಗ ಜಾಸ್ತಿಯಾದರೆ ಇಂಥ ಕಾರು ಸ್ಟೇರಿಂಗ್ ಮಾತು ಕೇಳದೆ ನೆಟ್ಟಗೆ ಹೋಗುತ್ತದೆ. ಗಾಬರಿಯಲ್ಲಿ ಎಲ್ಲರೂ ಸ್ಟೇರಿಂಗನ್ನು ಇನ್ನಷ್ಟು ತಿರುಗಿಸುತ್ತಾರೆ. ಮಾಡಬೇಕಾದ್ದು ಅದರ ಉಲ್ಟಾ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟೇರಿಂಗ್ ಸ್ವಲ್ಪ ಸಡಿಲಿಸಿದರೆ ಟೈರು ಮತ್ತೆ ನೆಲ ಹಿಡಿಯುತ್ತದೆ.

ಹಿಂದಿನ ಚಕ್ರ ತಳ್ಳುವ ಕಾರಿನ ಸ್ವಭಾವವೇ ಬೇರೆ. ಇಂಜಿನ್ ಮುಂದೆ, ಬಲ ಹಿಂದೆ. ಹಿಂಭಾಗ ಹಗುರ. ಹಿಮ ಕಂಡ ಮೊದಲ ವರ್ಷ ಇಂಥದ್ದೇ ಒಂದು ಹಳೆಯ ಕಾರು ನನ್ನ ಕೈಗೆ ಬಂದಿತ್ತು. ಕೊಟ್ಟವರು ಡಿಕ್ಕಿಯಲ್ಲಿ ಎರಡು ಮರಳಿನ ಚೀಲ ಕಟ್ಟಿ ಇಟ್ಟಿದ್ದರು. ಅವನ್ನು ಇಳಿಸಬೇಡ ಅಂತ ಹೇಳಿಯೂ ಇದ್ದರು. ಒಂದು ದಿನ ಸಾಮಾನು ಹಿಡಿಸಲಿಲ್ಲ ಅಂತ ಇಳಿಸಿದೆ. ಸಾಮಾನು ಮುಟ್ಟಿಸಿ ಖಾಲಿ ಡಿಕ್ಕಿಯಲ್ಲಿ ವಾಪಸ್ ಬರುವಾಗ, ಮೊದಲ ತಿರುವಿನಲ್ಲೇ ಕಾರಿನ ಬಾಲ ನನ್ನನ್ನು ದಾಟಿ ಮುಂದೆ ಬಂತು. ಜೋರಾಗೇನೂ ಓಡಿಸುತ್ತಿರಲಿಲ್ಲ, ಸೈಕಲ್ಲಿನ ವೇಗ ಅಷ್ಟೇ. ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ನೋಡುತ್ತಾ ನಿಂತೆ. ಎದುರಿಗೆ ಯಾರೂ ಬರುತ್ತಿರಲಿಲ್ಲ, ಬಚಾವಾದೆ. ಆ ಚೀಲಗಳಿಗೆ ಇನ್ನೊಂದು ಕೆಲಸವೂ ಇತ್ತು. ಕಾರು ಹೂತುಕೊಂಡಾಗ ಮರಳನ್ನು ಚಕ್ರದಡಿ ಎರಚಬಹುದು. ಗೇರಿನ ಕಾರಾದರೆ ಸೆಕೆಂಡ್ ಗೇರಿನಲ್ಲಿ ಹೊರಡುವುದೂ ಒಂದು ಉಪಾಯ, ಬಲ ಮೆತ್ತಗೆ ಸಿಗುತ್ತದೆ.

ಬಾಲ ಜಾರಿದರೆ ಅದು ಯಾವ ಕಡೆ ಜಾರುತ್ತದೋ ಅದೇ ಕಡೆಗೆ ಸ್ಟೇರಿಂಗ್ ತಿರುಗಿಸಬೇಕು. ಇದನ್ನು ಹೇಳುವುದು ಸುಲಭ. ಈಗಿನ ಕಾರುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಅನ್ನುವ ವ್ಯವಸ್ಥೆ ನಮಗಿಂತ ಮೊದಲೇ ಜಾರುವಿಕೆ ಗುರುತಿಸಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡುತ್ತದೆ. ಹಿಂದಿನ ಚಕ್ರದ ಕಾರಿಗಿದ್ದ ಕೆಟ್ಟ ಹೆಸರನ್ನು ಅರ್ಧ ತೊಳೆದದ್ದು ಅದೇ.

ಇಂಜಿನ್ನನ್ನೂ ಹಿಂದೆಯೇ ಇಟ್ಟರೆ? ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಹಾಗಿತ್ತು. ತಳ್ಳುವ ಚಕ್ರದ ಮೇಲೇ ತೂಕ, ಹಾಗಾಗಿ ಹಿಮದಲ್ಲಿ ಆಡಿನಂತೆ ಹತ್ತುತ್ತಿತ್ತು. ಇಂಜಿನ್ ತಣ್ಣಗಾಗುತ್ತಿದ್ದದ್ದು ಗಾಳಿಯಿಂದ. ರೇಡಿಯೇಟರಿನ ನೀರು ಹೆಪ್ಪುಗಟ್ಟುವ ಚಿಂತೆಯೇ ಇರಲಿಲ್ಲ. ಹೀಟರ್ ಮಾತ್ರ ಹೆಸರಿಗಷ್ಟೇ. ಒಳಗೆ ಕೂತವರು ಹೆಪ್ಪುಗಟ್ಟುತ್ತಿದ್ದರು.

ಈಗ ಚರಂಡಿಯ ಗಾಡಿಗೆ, ಅಂದರೆ ಫೋರ್ ವೀಲ್ ಡ್ರೈವಿಗೆ ಬರೋಣ. ಆಡಿ ಕಂಪನಿಯವರು 1970ರ ದಶಕದ ಕೊನೆಗೆ ಫಿನ್ಲೆಂಡಿನ ಹಿಮದಲ್ಲಿ ಕಾರುಗಳ ಪರೀಕ್ಷೆ ಮಾಡುತ್ತಿದ್ದರು. ಜೊತೆಗೆ ಇಲ್ಟಿಸ್ ಅನ್ನುವ, ಸೈನ್ಯಕ್ಕಾಗಿ ಮಾಡಿದ ಗಾಡಿಯೂ ಇತ್ತು. ಇಂಜಿನ್ ಚಿಕ್ಕದಾದರೂ ಅದು ಜೋರಿನ ಕಾರುಗಳನ್ನು ಹಿಂದೆ ಹಾಕಿತು, ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತಿತ್ತಲ್ಲ. ಅಲ್ಲಿಂದ ಹುಟ್ಟಿದ್ದು 1980ರಲ್ಲಿ ಜಿನೀವಾದಲ್ಲಿ ತೋರಿಸಿದ ಕ್ವಾಟ್ರೊ ಕಾರು. ಜಪಾನಿನ ಸುಬಾರು ಕಂಪನಿ ಅದಕ್ಕೂ ಮೊದಲೇ, 1972ರಲ್ಲಿ, ಸಾಮಾನ್ಯ ಸಂಸಾರದ ಕಾರಿಗೆ ಫೋರ್ ವೀಲ್ ಡ್ರೈವ್ ಕೊಟ್ಟಿತ್ತು. ಹೊರಡುವ ವಿಷಯದಲ್ಲಿ ಫೋರ್ ವೀಲ್ ಡ್ರೈವನ್ನು ಮೀರಿಸುವಂಥದ್ದು ಇಲ್ಲ.

ತೊಂದರೆ ಇರುವುದು ಇಲ್ಲೇ. ಎರಡೇ ಚಕ್ರಕ್ಕೆ ಬಲ ಹೋಗುವ ಕಾರು ಹೊರಡುವಾಗಲೇ ಚಕ್ರ ಜಾರಿಸಿ, ರಸ್ತೆ ಸರಿ ಇಲ್ಲ ಮಾರಾಯ ಅಂತ ಹೇಳಿಬಿಡುತ್ತದೆ. ಫೋರ್ ವೀಲ್ ಗಾಡಿ ಹೇಳುವುದಿಲ್ಲ. ಗೊತ್ತಾಗದಂತೆ 60, 70ಕ್ಕೆ ತಲುಪಿಸುತ್ತದೆ. ಬ್ರೇಕ್ ಒತ್ತಿದಾಗಲೇ ರಸ್ತೆ ಎಂಥದ್ದು ಅಂತ ತಿಳಿಯುವುದು. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಅದರಲ್ಲಿ ಇವರಿಗೆ ಜಾಸ್ತಿ ಏನೂ ಸಿಗಲಿಲ್ಲ. ಗಾಡಿ ಭಾರ ಇದೆ, ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವವರಿದ್ದಾರೆ. ಭಾರದಿಂದ ಹಿಡಿತ ಎಷ್ಟು ಹೆಚ್ಚುತ್ತದೋ, ನಿಲ್ಲಿಸಬೇಕಾದ ಹೊರೆಯೂ ಅಷ್ಟೇ ಹೆಚ್ಚುತ್ತದೆ. ಲೆಕ್ಕ ಸಮ.

ಎಬಿಎಸ್ ಅನ್ನುವ ಬ್ರೇಕ್ ವ್ಯವಸ್ಥೆಯ ಬಗ್ಗೆ ಒಂದು ಮಾತು. ಸಡಿಲವಾದ ಹೊಸ ಹಿಮದಲ್ಲಿ ಚಕ್ರ ಪೂರ್ತಿ ನಿಂತುಬಿಟ್ಟರೆ ಟೈರಿನ ಮುಂದೆ ಹಿಮ ಗುಡ್ಡೆಯಾಗಿ ಕಾರನ್ನು ತಡೆಯುತ್ತದೆ. ಎಬಿಎಸ್ ಚಕ್ರವನ್ನು ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಅಂಥ ಕಡೆ ಕಾರು ಇನ್ನೂ ಸ್ವಲ್ಪ ದೂರ ಹೋಗಬಹುದು. ಅದರ ಬದಲಿಗೆ ಸ್ಟೇರಿಂಗ್ ಕೈಯಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ಅದು ಒಳ್ಳೆಯ ವ್ಯಾಪಾರ.

ನಿಲ್ಲಿಸುವ ವಿಷಯ ಕೊನೆಗೆ ಬಂದು ಮುಟ್ಟುವುದು ಟೈರಿಗೆ. ಫಿನ್ಲೆಂಡಿನಲ್ಲಿ ಈಗ ನೋಕಿಯನ್ ಟೈರ್ಸ್ ಅಂತ ಕರೆಯುವ ಕಂಪನಿ 1934ರಲ್ಲಿ ಲಾರಿಗಳಿಗೆ ಚಳಿಗಾಲದ ಟೈರು ಮಾಡಿತು, 1936ರಲ್ಲಿ ಕಾರುಗಳಿಗೆ. ಸಾಧಾರಣ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗುತ್ತಾ ಹೋಗುತ್ತದೆ. ಚಳಿಗಾಲದ ಟೈರಿನದು ಮೆತ್ತಗೇ ಇರುತ್ತದೆ. ಅದರ ಮೈಮೇಲೆ ಬ್ಲೇಡಿನಲ್ಲಿ ಗೀರಿದಂಥ ನೂರಾರು ಸಣ್ಣ ಸೀಳುಗಳು. ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ, ಹಿಮಕ್ಕೆ ಹಿಮ ಅಂಟಿ ಹಿಡಿತ ಬರುತ್ತದೆ. ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು, ಈ ಗುರುತು ಇರುವ ಟೈರು ಹಿಮದ ಪರೀಕ್ಷೆ ದಾಟಿ ಬಂದದ್ದು. ಇಂಥ ಟೈರು ಹಾಕಿದ ಮುಂದಿನ ಚಕ್ರದ ಸಣ್ಣ ಕಾರು, ಬೇಸಿಗೆ ಟೈರಿನ ಫೋರ್ ವೀಲ್ ಗಾಡಿಗಿಂತ ಬೇಗ ನಿಲ್ಲುತ್ತದೆ. ಅಗಲ ಟೈರು ಚೆಂದ ಕಾಣುತ್ತದೆ ನಿಜ, ಆಳದ ಹಿಮದಲ್ಲಿ ತೇಲುತ್ತದೆ. ಕಿರಿದು ಸೀಳಿಕೊಂಡು ನೆಲ ಮುಟ್ಟುತ್ತದೆ.

ವಿದ್ಯುತ್ ಕಾರುಗಳು? ಮೋಟಾರಿನ ಬಲವನ್ನು ಕಣ್ಣು ಮಿಟುಕಿಸುವುದರೊಳಗೆ ಹತ್ತಾರು ಸಲ ಏರಿಸಿ ಇಳಿಸಬಹುದು. ಹಾಗಾಗಿ ಚಕ್ರ ಜಾರುವುದನ್ನು ಅವು ಚೆನ್ನಾಗಿ ತಡೆಯುತ್ತವೆ. ಒಂದೇ ಎಚ್ಚರ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೋಟಾರೇ ಬ್ರೇಕಿನಂತೆ ಹಿಡಿಯುತ್ತದೆ. ಮಂಜುಗಡ್ಡೆಯ ಮೇಲೆ ಅಷ್ಟೂ ಬೇಡ. ಅದನ್ನು ಕಡಿಮೆಗೆ ಇಟ್ಟುಕೊಳ್ಳುವುದು ವಾಸಿ.

ಚಳಿ ಹೆಚ್ಚಿದಷ್ಟೂ ಜಾರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಮಂಜುಗಡ್ಡೆ ಎಷ್ಟೋ ಮೇಲು. ಸೊನ್ನೆಯ ಆಸುಪಾಸಿನಲ್ಲಿ, ಮೇಲೊಂದು ತೆಳು ನೀರಿನ ಪದರ ಇದ್ದಾಗಲೇ ಅದು ಎಣ್ಣೆಯಂತೆ. ಸೇತುವೆಗಳ ಮೇಲೂ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ಮೊದಲು ಹೆಪ್ಪುಗಟ್ಟುವುದು ಅವೇ. ಹಳಬರು ಮನೆ ಬಿಟ್ಟ ಕೂಡಲೇ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಮೆಲ್ಲಗೆ ಹೋಗುತ್ತಾ ಒಮ್ಮೆ ಬ್ರೇಕ್ ಒತ್ತಿ ನೋಡುತ್ತಾರೆ. ಆ ದಿನದ ರಸ್ತೆ ಎಂಥದ್ದು ಅಂತ ಅಲ್ಲೇ ತಿಳಿದುಬಿಡುತ್ತದೆ.

ಅಂದಹಾಗೆ, ಚರಂಡಿಗೆ ಬಿದ್ದ ಆ ಫೋರ್ ವೀಲ್ ಗಾಡಿಯನ್ನು ಎಳೆಯಲು ಬರುವ ಟ್ರಕ್ಕು ಸಾಮಾನ್ಯವಾಗಿ ಹಿಂದಿನ ಚಕ್ರ ತಳ್ಳುವಂಥದ್ದು. ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿಕೊಂಡು, ಗಂಟೆಗೆ 20 ಕಿಲೋಮೀಟರಿನಲ್ಲಿ, ಜಣ ಜಣ ಸದ್ದು ಮಾಡುತ್ತಾ ಬರುತ್ತದೆ.

ನಮಸ್ಕಾರ.