15ರ ಹುಡುಗನಿಗೆ ಸಾಯುವ ತನಕ ಜೈಲು

ಕೇಳುಗರಿಗೆಲ್ಲ ನಮಸ್ಕಾರ.

1953ನೇ ಇಸವಿ. ನಮ್ಮ ಮಂಗಳೂರು ಆಗಿನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ಪಣಂಬೂರಿನಲ್ಲಿ ಬಂದರು ಇರಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕುಡಿದ ಹುಡುಗರ ಗುಂಪೊಂದು ಬೀದಿಯಲ್ಲಿ ಸಿಕ್ಕಸಿಕ್ಕವರಿಗೆ ಚೂರಿ ಹಾಕಿತು. ಇಬ್ಬರು ಸತ್ತರು, ಇನ್ನೂ ಕೆಲವರಿಗೆ ಗಾಯವಾಯಿತು. ಆ ಗುಂಪಿನಲ್ಲಿ ಜೋ ಲಿಗೊನ್ ಎಂಬ 15 ವರ್ಷದ ಹುಡುಗನಿದ್ದ. ಓದು ಬರಹ ಬಾರದವನು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು, ಅದೂ ಪೆರೋಲ್ ಇಲ್ಲದ ಜೀವಾವಧಿ. ಅವನು ಹೊರಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಆಗ ಅವನ ವಯಸ್ಸು 83. ಒಳಗೆ ಕಳೆದದ್ದು 68 ವರ್ಷ.

ಪೆರೋಲ್ ಅಂದ ಕೂಡಲೇ ನಮಗೆ ನೆನಪಾಗುವುದು ತಂಗಿಯ ಮದುವೆಗೋ ತಾಯಿಗೆ ಹುಷಾರಿಲ್ಲವೆಂದೋ ಕೆಲವು ದಿನ ಬಿಡುವುದು. ಅಲ್ಲಿಯದು ಬೇರೆ. ಮಂಡಳಿಯೊಂದು ಕೈದಿಯ ನಡತೆ ನೋಡುತ್ತದೆ, ಷರತ್ತು ಹಾಕುತ್ತದೆ, ಉಳಿದ ಶಿಕ್ಷೆಯನ್ನು ಹೊರಗೇ ಕಳೆಯಲು ಬಿಡುತ್ತದೆ. ಪೆರೋಲ್ ಇಲ್ಲ ಅಂದರೆ ಆ ಮಂಡಳಿಯ ಮುಂದೆ ಹೋಗುವ ಹಕ್ಕೇ ಇಲ್ಲ. ಹುಡುಗ ಬದಲಾದನೋ ಇಲ್ಲವೋ ಎಂದು ಯಾರೂ ಕೇಳಬೇಕಾಗಿಲ್ಲ.

ಲಿಗೊನ್ ಸ್ವಲ್ಪ ಹಟದ ಮನುಷ್ಯ. 2017ರಲ್ಲಿ ಅವನ ಶಿಕ್ಷೆ ಬದಲಾಯಿತು, ಪೆರೋಲ್ ಮೇಲೆ ಹೋಗಬಹುದು ಎಂದರು. ಅವನು ಒಪ್ಪಲಿಲ್ಲ. ಇಷ್ಟು ವರ್ಷ ಒಳಗಿದ್ದ ಮೇಲೆ ಇನ್ನು ಅಧಿಕಾರಿಗಳ ಕಣ್ಗಾವಲಿನಲ್ಲಿ ಯಾಕೆ ಬದುಕಬೇಕು ಎಂಬುದು ಅವನ ವಾದ. ಹಾಗಾಗಿ ಇನ್ನೂ ಮೂರ್ನಾಲ್ಕು ವರ್ಷ ಒಳಗೇ ಉಳಿದ. ನನಗಂತೂ ಆ ಹಟ ಅರ್ಥವಾಗುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಒಂದೊಂದೇ ಹೆಜ್ಜೆ ಇಟ್ಟಿತು. 2005ರಲ್ಲಿ, 18 ತುಂಬುವ ಮೊದಲು ಮಾಡಿದ ಅಪರಾಧಕ್ಕೆ ಮರಣದಂಡನೆ ಕೂಡದು ಎಂದಿತು. 2010ರಲ್ಲಿ, ಕೊಲೆಯಲ್ಲದ ಅಪರಾಧಕ್ಕೆ ಮಕ್ಕಳಿಗೆ ಪೆರೋಲ್ ಇಲ್ಲದ ಜೀವಾವಧಿ ಬೇಡ ಎಂದಿತು. 2012ರ ತೀರ್ಪು ದೊಡ್ಡದು. ಕೋರ್ಟಿನ ಮುಂದಿದ್ದದ್ದು ಇಬ್ಬರು ಹುಡುಗರ ಪ್ರಕರಣ. ಕೊಲೆ ನಡೆದಾಗ ಇಬ್ಬರಿಗೂ 14 ವರ್ಷ. ಅವರ ರಾಜ್ಯಗಳ ಕಾನೂನಿನಲ್ಲಿ ಶಿಕ್ಷೆ ಮೊದಲೇ ನಿಗದಿಯಾಗಿತ್ತು. ನ್ಯಾಯಾಧೀಶರಿಗೆ ಹುಡುಗನ ವಯಸ್ಸು, ಮನೆ, ಕುಡಿತಕ್ಕೆ ಬಿದ್ದ ತಾಯಿ, ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ದಾರಿಯೇ ಇರಲಿಲ್ಲ. ಹೀಗೆ ಕಣ್ಣುಮುಚ್ಚಿ ಕೊಡುವ ಶಿಕ್ಷೆ ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟ್ ಹೇಳಿತು. ಹೊಡೆದಾಡುವ ಆತುರ, ಗೆಳೆಯರ ಒತ್ತಡ, ಕೆಟ್ಟ ಮನೆಯಿಂದ ಓಡಿಹೋಗಲೂ ಆಗದ ಸ್ಥಿತಿ, ಇವೆಲ್ಲ ಆ ವಯಸ್ಸಿನವೇ, ವಯಸ್ಸಿನ ಜೊತೆ ಬದಲಾಗುವಂಥವು ಎಂಬುದು ತೀರ್ಪಿನ ತಿರುಳು.

ಈ ಮಾತು ನನಗೆ ಪುಸ್ತಕದ್ದು ಅನ್ನಿಸುವುದಿಲ್ಲ. ನಾನು ಕೆಲವು ಕಾಲ, 18 ತುಂಬದವರ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಸದಸ್ಯೆಯಾಗಿ ಕೂತಿದ್ದವಳು. ಯಾವ ಪ್ರಕರಣ, ಯಾವ ಊರು ಎಂದು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆದರೆ ಆ ಕೋಣೆ ಹೇಗಿರುತ್ತದೆ ಎಂದು ಹೇಳಬಹುದು. ಅಲ್ಲಿ ಕಟಕಟೆ ಇಲ್ಲ. ಕರೆತರುವ ಪೊಲೀಸರು ಯೂನಿಫಾರ್ಮ್ ಹಾಕುವಂತಿಲ್ಲ. ಒಂದು ಮೇಜು, ಆಚೆ ಕಡೆ ಮ್ಯಾಜಿಸ್ಟ್ರೇಟ್ ಮತ್ತು ನಾವಿಬ್ಬರು ಸದಸ್ಯರು. ಈಚೆ ಕಡೆ ಮೀಸೆ ಈಗಷ್ಟೇ ಚಿಗುರಿದ ಹುಡುಗ, ಕುರ್ಚಿಯ ತುದಿಯಲ್ಲಿ. ಅವನ ಹಿಂದೆ ತಾಯಿ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್, ರೇಷನ್ ಕಾರ್ಡು, ಶಾಲೆಯ ಟಿಸಿ, ಮಳೆಗೆ ನೆನೆದು ಅಂಟಿಕೊಂಡ ಅಂಕಪಟ್ಟಿ.

"ಮೇಡಂ, ಇವ ಪಾಪದವ. ಮನೆಯಲ್ಲಿ ಮಾತೇ ಆಡುವುದಿಲ್ಲ" ಎನ್ನುತ್ತಾಳೆ ತಾಯಿ. ಎಲ್ಲ ತಾಯಂದಿರೂ ಇದನ್ನೇ ಹೇಳುತ್ತಾರೆ, ಹಾಗಾಗಿ ಅದನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಆದರೆ ಹುಡುಗನನ್ನು ಯಾಕೆ ಹೋದೆ ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. "ಎಲ್ಲರೂ ಹೋದ್ರು, ನಾನೂ ಹೋದೆ." ಯಾರು ಮೊದಲು ಹೇಳಿದ್ದು? "ಗೊತ್ತಿಲ್ಲ." ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು. ಆಮೇಲೆ ನೋಡಿದರೆ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಸರಿ, ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 37ನೇ ವಿಧಿ, 18ರೊಳಗಿನವರ ಅಪರಾಧಕ್ಕೆ ಮರಣದಂಡನೆಯೂ ಬೇಡ, ಬಿಡುಗಡೆಯ ದಾರಿಯಿಲ್ಲದ ಜೀವಾವಧಿಯೂ ಬೇಡ ಎನ್ನುತ್ತದೆ. ಭಾರತ 1992ರಲ್ಲೇ ಅದನ್ನು ಒಪ್ಪಿಕೊಂಡಿತು. ಅಮೆರಿಕ ಸಹಿ ಹಾಕಿತು, ಅಂಗೀಕರಿಸಿಲ್ಲ. ನಮ್ಮ 2015ರ ಬಾಲ ನ್ಯಾಯ ಕಾಯ್ದೆಯ 21ನೇ ಕಲಮಿನಲ್ಲಿ ಅದೇ ಮಾತು ಉಂಟು. ಎಂಥ ಘೋರ ಅಪರಾಧವೇ ಇರಲಿ, ಲಿಗೊನ್‌ಗೆ ಕೊಟ್ಟಂಥ ಶಿಕ್ಷೆಯನ್ನು ನಮ್ಮ ಯಾವ ಕೋರ್ಟೂ ಒಬ್ಬ ಹುಡುಗನಿಗೆ ಕೊಡುವಂತಿಲ್ಲ.

ಹಾಗಾದರೆ ನಮಗೆ ಚಿಂತೆಯಿಲ್ಲ ಅಲ್ವಾ? ಅಷ್ಟು ಸುಲಭ ಇಲ್ಲ ಮಾರಾಯ್ರೆ. 2012ರ ಡಿಸೆಂಬರಿನ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆ ನಿಮಗೆಲ್ಲ ನೆನಪಿದೆ. ಅದರಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಅವನಿಗೆ ಸಿಕ್ಕಿದ್ದು ಮೂರು ವರ್ಷ. ದೇಶವೇ ಸಿಟ್ಟಾಯಿತು. ಆ ಘಟನೆಯ ನಂತರ ಸರ್ಕಾರವೇ ನೇಮಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ, ಬಾಲಕ ಎನ್ನುವ ವಯಸ್ಸನ್ನು 18ರಿಂದ ಇಳಿಸಬೇಡಿ ಎಂದಿತ್ತು. ಆದರೂ ಅವನ ಬಿಡುಗಡೆಯ ಬೆನ್ನಿಗೇ, 2015ರ ಡಿಸೆಂಬರಿನಲ್ಲಿ, ರಾಜ್ಯಸಭೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಈಗ 16ರಿಂದ 18ರ ನಡುವಿನವರು ಘೋರ ಅಪರಾಧ ಮಾಡಿದರೆ, ಅಂದರೆ ಕನಿಷ್ಠ ಏಳು ವರ್ಷ ಶಿಕ್ಷೆ ಇರುವಂಥದ್ದು, ಬಾಲ ನ್ಯಾಯ ಮಂಡಳಿ ಮೂರು ತಿಂಗಳೊಳಗೆ ಒಂದು ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಹುಡುಗನಿಗೆ ಆ ಕೃತ್ಯ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ? ಅದರ ಪರಿಣಾಮ ಗೊತ್ತಿತ್ತೇ? ಗೊತ್ತಿತ್ತು ಎನಿಸಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗಿ ಅಲ್ಲಿ ದೊಡ್ಡವರಂತೆ ವಿಚಾರಣೆ ನಡೆಯಬಹುದು.

ಅಂದು ಆ ಸಂಜೆ ಆ ಹುಡುಗನ ತಲೆಯಲ್ಲಿ ಏನಿತ್ತು ಎಂದು ವಾರಗಳ ನಂತರ ಮೇಜಿನ ಆಚೆ ಕೂತ ನಾವು ಹೇಳಬೇಕು. ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಓದಿದವರು ಇಲ್ಲದಿದ್ದರೆ ಅಂಥವರ ಸಹಾಯ ಪಡೆಯಲೇಬೇಕು ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಒಳ್ಳೆಯದು. ಆದರೂ ಮನಸ್ಸನ್ನು ಒಂದೇ ಸಲಕ್ಕೆ ಅಳೆದು ಮುಗಿಸಲು ಆಗುತ್ತದೆ ಎಂದು ನಾನು ನಂಬುವುದಿಲ್ಲ.

ಮನಸ್ಸು ಬಿಡಿ, ವಯಸ್ಸೇ ತಪ್ಪುತ್ತದೆ. 1994ರಲ್ಲಿ ಪುಣೆಯಲ್ಲಿ ನಡೆದ ಭೀಕರ ಸಾಮೂಹಿಕ ಕೊಲೆಯಲ್ಲಿ ರಾಜಸ್ಥಾನದ ಒಬ್ಬನಿಗೆ ಮರಣದಂಡನೆಯಾಯಿತು. ದಾಖಲೆಯಲ್ಲಿ ಅವನು ದೊಡ್ಡವನು. ಅಷ್ಟು ವರ್ಷ ಅವನು ಜೈಲಿನಲ್ಲಿದ್ದ. ಕೊನೆಗೆ ಊರಿನ ಶಾಲೆಯ ದಾಖಲೆ ತೆಗೆದು ನೋಡಿದರೆ, ಕೊಲೆ ನಡೆದ ದಿನ ಅವನಿಗೆ ಹನ್ನೆರಡೂವರೆ ವರ್ಷ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡಿಸಿತು. 28 ವರ್ಷಕ್ಕಿಂತ ಜಾಸ್ತಿ ಆಗಿಹೋಗಿತ್ತು. ತಾನು ಆಗ ಬಾಲಕನಾಗಿದ್ದೆ ಎಂದು ಯಾವ ಹಂತದಲ್ಲೂ ಹೇಳಿಕೊಳ್ಳಬಹುದು ಎಂಬ ಕಾನೂನು ನಮ್ಮಲ್ಲಿ ಇದ್ದುದರಿಂದ ಅವನು ಬದುಕಿದ. ಅದಕ್ಕೇ ಆ ತಾಯಿಯ ಪ್ಲಾಸ್ಟಿಕ್ ಚೀಲವನ್ನು ನಾನು ಯಾವತ್ತೂ ಹಗುರವಾಗಿ ನೋಡಿಲ್ಲ.

ಇಷ್ಟು ಹೇಳುವಾಗ ಕೇಳುಗರಲ್ಲಿ ಯಾರಾದರೂ, ಸತ್ತವರ ಮನೆಯವರು ಏನು ಮಾಡಬೇಕು ಎಂದು ಕೇಳಬಹುದು. ಕೇಳಲೇಬೇಕು. ಅಮೆರಿಕದಲ್ಲಿ ಹೆನ್ರಿ ಮಾಂಟ್ಗೊಮೆರಿ ಎಂಬವನು 1963ರಲ್ಲಿ, 17ನೇ ವಯಸ್ಸಿನಲ್ಲಿ, ಒಬ್ಬ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದ. 2012ರ ತೀರ್ಪು ಹಳೆಯ ಕೈದಿಗಳಿಗೂ ಅನ್ವಯಿಸುತ್ತದೆ ಎಂದು 2016ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿದ್ದು ಅವನದೇ ಪ್ರಕರಣದಲ್ಲಿ. ಅದರಿಂದ ನೂರಾರು ಜನ ಹೊರಗೆ ಬಂದರು. ಅವನಿಗೆ ಮಾತ್ರ ಪೆರೋಲ್ ಮಂಡಳಿ ಎರಡು ಸಲ ಆಗುವುದಿಲ್ಲ ಎಂದಿತು. 2021ರಲ್ಲಿ ಬಿಟ್ಟಾಗ ಅವನಿಗೆ 75. ಸತ್ತ ಅಧಿಕಾರಿಯ ಮನೆಯವರಲ್ಲಿ ಜೈಲಿಗೆ ಹೋಗಿ ಅವನನ್ನು ಕಂಡು ಕ್ಷಮಿಸಿದವರಿದ್ದರು. ಬಿಡುಗಡೆಗೆ ಒಪ್ಪದವರೂ ಇದ್ದರು. ಎರಡೂ ಸರಿ. ಕ್ಷಮಿಸಿ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ನಾನು ಕೇಳುವುದು ಕ್ಷಮೆಯನ್ನಲ್ಲ, ಇನ್ನೊಮ್ಮೆ ನೋಡುವುದನ್ನು. ನೋಡಿ, ಬಿಡಬಾರದು ಎನಿಸಿದರೆ ಬಿಡಬೇಡಿ. ಮಾಂಟ್ಗೊಮೆರಿಗೆ ಎರಡು ಸಲ ಹಾಗೇ ಆಯಿತಲ್ಲ.

ಅಂದಹಾಗೆ, ಅಲ್ಲಿಯೂ ಕಥೆ ಮುಗಿದಿಲ್ಲ. ಹುಡುಗ ಇನ್ನು ತಿದ್ದಿಕೊಳ್ಳಲಾರ ಎಂದು ಪ್ರತ್ಯೇಕವಾಗಿ ತೀರ್ಮಾನಿಸದೆಯೂ ನ್ಯಾಯಾಧೀಶರು ಪೆರೋಲ್ ಇಲ್ಲದ ಜೀವಾವಧಿ ಕೊಡಬಹುದು ಎಂದು ಅದೇ ಕೋರ್ಟ್ 2021ರಲ್ಲಿ ಹೇಳಿತು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳು ಈ ಶಿಕ್ಷೆಯನ್ನೇ ಕೈಬಿಟ್ಟಿವೆ, ಉಳಿದ ಕಡೆ ಉಂಟು.

ನಮ್ಮ ಕಾಯ್ದೆಯಲ್ಲಿ ಇನ್ನೊಮ್ಮೆ ನೋಡುವ ದಿನ ಗೊತ್ತಾಗಿದೆ. ದೊಡ್ಡವರಂತೆ ವಿಚಾರಣೆಯಾಗಿ ಶಿಕ್ಷೆಯಾದವನನ್ನೂ 21 ತುಂಬುವವರೆಗೆ ಜೈಲಿಗೆ ಹಾಕುವಂತಿಲ್ಲ, "ಸುರಕ್ಷಿತ ಸ್ಥಳ" ಎಂದು ಕಾಯ್ದೆ ಕರೆಯುವ ಬೇರೆ ಜಾಗದಲ್ಲಿ ಇಡಬೇಕು. ವರ್ಷಕ್ಕೊಮ್ಮೆ ಅವನ ವರದಿ ಹೋಗಬೇಕು. 21 ತುಂಬಿದಾಗ ಶಿಕ್ಷೆ ಇನ್ನೂ ಬಾಕಿ ಇದ್ದರೆ ಮಕ್ಕಳ ನ್ಯಾಯಾಲಯ ಅವನನ್ನು ಪರಿಶೀಲಿಸುತ್ತದೆ. ಬದಲಾಗಿದ್ದಾನೆ ಎನಿಸಿದರೆ ಷರತ್ತಿನ ಮೇಲೆ ಬಿಡುತ್ತದೆ, ಇಲ್ಲದಿದ್ದರೆ ಉಳಿದ ಶಿಕ್ಷೆಗೆ ಜೈಲಿಗೆ. ಆ ವರದಿಯಲ್ಲಿ "ನಡತೆ ತೃಪ್ತಿಕರ" ಎಂದು ಎರಡೇ ಪದ ಬರೆದು ಕಳಿಸಿದರೆ ನ್ಯಾಯಾಧೀಶರು ಏನನ್ನು ನೋಡಬೇಕು? ಏನು ಓದಿದ, ಯಾವ ಕೆಲಸ ಕಲಿತ, ಮನೆಯಿಂದ ಯಾರು ನೋಡಲು ಬಂದರು, ಮಾಡಿದ್ದರ ಬಗ್ಗೆ ಈಗ ಏನು ಹೇಳುತ್ತಾನೆ, ಇಷ್ಟಾದರೂ ಅದರಲ್ಲಿ ಇರಬೇಕು.

ಇನ್ನೊಂದು ಮಾತು, ವಾಟ್ಸಾಪ್ ನೋಡುವವರಿಗೆ. ಇಂಥ ಹುಡುಗರ ಹೆಸರು, ಫೋಟೊ, ಶಾಲೆ ಯಾವುದನ್ನೂ ಹೊರಗೆ ಹಾಕುವಂತಿಲ್ಲ. ಹಾಕಿದವರಿಗೆ ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ, ಅಥವಾ ಎರಡೂ ಆಗಬಹುದು. ಆದರೂ ಸಂಜೆಯೊಳಗೆ ಫೋಟೊ ಉಳ್ಳಾಲದಿಂದ ಬೈಂದೂರಿನವರೆಗೆ ಮುಟ್ಟಿರುತ್ತದೆ.

ಮಂಡಳಿಯ ಇಬ್ಬರು ಸದಸ್ಯರು ನಮ್ಮ ನಿಮ್ಮಂಥವರೇ. ಒಬ್ಬರಾದರೂ ಹೆಂಗಸು ಇರಬೇಕು. ಮಕ್ಕಳ ಶಿಕ್ಷಣ, ಆರೋಗ್ಯ, ಕಲ್ಯಾಣದಲ್ಲಿ ಏಳು ವರ್ಷ ದುಡಿದವರು ಅರ್ಜಿ ಹಾಕಬಹುದು. ಅವಧಿ ಮೂರು ವರ್ಷ. ಮುಂದಿನ ಸಲ ಪ್ರಕಟಣೆ ಬಂದಾಗ ದಕ್ಷಿಣ ಕನ್ನಡ, ಉಡುಪಿಯ ಶಿಕ್ಷಕಿಯರು ಅದನ್ನು ಓದಿ ಪಕ್ಕಕ್ಕಿಡಬೇಡಿ. ಹದಿನಾರರ ಹುಡುಗ "ಗೊತ್ತಿಲ್ಲ" ಎಂದಾಗ ಅದು ಸುಳ್ಳೋ ನಿಜವೋ ಎಂದು ತರಗತಿಯಲ್ಲಿ ನಿಂತವರಿಗೆ ಬೇಗ ಗೊತ್ತಾಗುತ್ತದೆ.

ನಮಸ್ಕಾರ.